ಪಾರ್ಕಿನ ಗಿಡಕ್ಕೆ ನಡುಮಧ್ಯಾಹ್ನದ ಸ್ನಾನ

ಮಾನ್ಯ ಸಂಪಾದಕರೇ,

ನಮ್ಮ ಮನೆ ಎದುರಿನ ಪಾರ್ಕಿನಲ್ಲಿ ಚೆಂಡು ಹೂ, ಸಾಲ್ವಿಯಾ ನೆಟ್ಟಿದ್ದಾರೆ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ, ನೆತ್ತಿ ಸುಡುವ ಹೊತ್ತಿಗೆ ಸರಿಯಾಗಿ, ಮಾಲಿ ಪೈಪು ಹಿಡಿದು ಬರುತ್ತಾರೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ದೂರದಿಂದಲೇ ನೀರು ಚಿಮ್ಮಿಸುತ್ತಾರೆ. ಎಲೆ ಫಳಫಳ, ಕಲ್ಲುಬೆಂಚು ಸ್ವಚ್ಛ, ವಾಕಿಂಗ್ ದಾರಿಯಲ್ಲಿ ಕೆಸರು. ಪಾಪ, ಅವರ ತಪ್ಪಲ್ಲ. ಬೋರ್ ಬಿಡೋದೇ ಆ ಹೊತ್ತಿಗಂತೆ. ಆಮೇಲೆ ಇನ್ನೆರಡು ಪಾರ್ಕಿಗೆ ಓಡಬೇಕಂತೆ.

ಮೊನ್ನೆ ಅವರು ಹೋದ ಮೇಲೆ ಅಡುಗೆಮನೆಯ ಹಳೇ ಸೌಟು ಹಿಡಿದು ಹೋದೆ. ಪಾತಿಯ ಮಣ್ಣು ಕೆದಕಿದೆ. ಮೇಲಿನ ಅರ್ಧ ಇಂಚು ಅಂಟಂಟು. ಅದರ ಕೆಳಗೆ ಒಣ ಧೂಳು. ಮರುದಿನ ಅವರನ್ನೇ ಕೇಳಿ ಪೈಪಿಗೆ ಬಕೆಟ್ ಹಿಡಿದೆ. ಹದಿನೈದು ಲೀಟರಿನ ಬಕೆಟ್ 40 ಸೆಕೆಂಡಿಗೆ ತುಂಬಿತು. ಇಪ್ಪತ್ತು ನಿಮಿಷಕ್ಕೆ 450 ಲೀಟರ್! ಬೇರಿಗೆ ಸಿಕ್ಕಿದ್ದು ಎಷ್ಟೋ.

ನಾನೂ ಹಿಂದೆ ಹೀಗೇ ಮಾಡುತ್ತಿದ್ದೆ. ಅದೂ ಕತ್ತಲಾದ ಮೇಲೆ, ಗುಲಾಬಿಯ ತಲೆ ಮೇಲೆ ಸುರಿದು. ರಾತ್ರಿಯಿಡೀ ಒದ್ದೆಯಿದ್ದ ಎಲೆಗೆ ಕಪ್ಪು ಚುಕ್ಕೆ ಬಿದ್ದು ಗಿಡ ಬೋಳಾಯಿತು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯವರು, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದರಲ್ಲ, ಆಗ ಬುದ್ಧಿ ಬಂತು. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೇಲಕ್ಕೆತ್ತಿ ತರುವ ಕಾವೇರಿಯನ್ನು ನಾನು ಸುಮ್ನೆ ಮೋರಿಗೆ ಬಿಡುತ್ತಿದ್ದೆ.

ಈಗ ಅಕ್ಕಿ, ತರಕಾರಿ ತೊಳೆದ ನೀರೇ ಹೆಚ್ಚು. ನಮ್ಮ ಕೆಂಪು ಮಣ್ಣು ಒಣಗಿದರೆ ಮೇಲೆ ಹಪ್ಪಳದಂತೆ ಗಟ್ಟಿಯಾಗುತ್ತದೆ, ನೀರು ಜಾರಿ ಹೋಗುತ್ತದೆ. ಹಾಗಾಗಿ ಮೊದಲು ಮಣ್ಣು ಕೆದಕಿ, ಕನಕಾಂಬರದ ಬುಡಕ್ಕೆ ಒಂದು ಚೊಂಬು ಹಾಕಿ, ಕಾಫಿ ಕುಡಿದು ಬಂದು ಇನ್ನೊಂದು ಚೊಂಬು ಹಾಕುತ್ತೇನೆ. ಬೆಳಗಿನ ಆರೂವರೆಗೇ ಮುಗಿಯಬೇಕು. ಮೇಲೆ ಎರಡಿಂಚು ಹೊಂಗೆ ತರಗೆಲೆ, ಕಾಂಡಕ್ಕೆ ತಾಗದ ಹಾಗೆ. ಬೆರಳು ಎರಡು ಗೆಣ್ಣು ಒಳಗಿಟ್ಟು ನೋಡಿ, ತಂಪಿದ್ದರೆ ಆ ದಿನ ನೀರಿಲ್ಲ. ಎಂಟಡಿ ಪಾತಿಗೆ ಮೂರು ದಿನಕ್ಕೊಮ್ಮೆ ಎರಡು ಬಕೆಟ್ ಸಾಕಾಗುತ್ತಿದೆ.

ಗುಲಾಬಿಗಳ ನಡುವೆ ಒಂದು ಮಣ್ಣಿನ ಮಡಕೆಯನ್ನು ಕುತ್ತಿಗೆವರೆಗೆ ಹೂತಿದ್ದೇನೆ. ತುಂಬಿಸಿ ಮುಚ್ಚಳ ಇಟ್ಟರೆ (ಇಲ್ಲದಿದ್ದರೆ ಸೊಳ್ಳೆ!) ನೀರು ಜಿನುಗಿ ಬೇರಿಗೆ ಹೋಗುತ್ತದೆ. ಮೊದಲ ಸಲ ಚೆಂದ ಕಂಡಿತೆಂದು ಬಣ್ಣ ಬಳಿದ ಮಡಕೆ ತಂದಿದ್ದೆ. ಒಂದು ಹನಿಯೂ ಹೊರಗೆ ಬರಲಿಲ್ಲ. ಜಿನುಗಬೇಕಾದರೆ ಬೋಳು ಮಡಕೆಯೇ ಬೇಕು.

ಪಾರ್ಕು ನೋಡಿಕೊಳ್ಳುವವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಬೋರನ್ನು ಬೆಳಿಗ್ಗೆ ಆರಕ್ಕೆ ಬಿಡಿ. ಮಾಲಿಗೆ ಒಂದು ಪಾರ್ಕಿಗೆ ಒಂದು ಗಂಟೆಯಾದರೂ ಕೊಡಿ. ಮತ್ತೆ ಅದೇ ಪಾರ್ಕಿನ ಹೊಂಗೆ ಎಲೆಯನ್ನು ಗುಡಿಸಿ ಮೂಟೆ ಕಟ್ಟಿ ಲಾರಿಗೆ ಹಾಕುತ್ತೀರಲ್ಲ, ಅದನ್ನು ಚೆಂಡು ಹೂವಿನ ಬುಡಕ್ಕೇ ಹರಡಬಹುದಲ್ವಾ? ನಿನ್ನೆ ಎರಡು ಮೂಟೆ ನಾನೇ ಕೇಳಿ ಮನೆಗೆ ತಂದೆ. ಇನ್ನೂ ಹನ್ನೊಂದು ಗೇಟಿನ ಹತ್ತಿರ ಬಿದ್ದಿವೆ.

– ನಿವೃತ್ತ ಶಿಕ್ಷಕಿ, ಬೆಂಗಳೂರು