ಕಣ್ಣು ಕಾಣದ ಗಿನಿಪಿಗ್ಗನ್ನು ಗುಡ್ಡೆಗೆ ಬಿಡಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಸಾಕುಪ್ರಾಣಿಗಳಿಗೆಂದೇ ಅರ್ಧ ಪುಟ ಇಟ್ಟದ್ದು ಒಳ್ಳೆಯದಾಯಿತು. ಆದರೆ ಈವರೆಗೆ ಅದರಲ್ಲಿ ಬಂದದ್ದೆಲ್ಲ ನಾಯಿ, ಬೆಕ್ಕು, ಒಮ್ಮೆ ಕಾಸರಗೋಡು ಗಿಡ್ಡ ದನ. ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಮನೆಗಳಲ್ಲಿ ಈಗ ಗಿನಿಪಿಗ್ಗುಗಳೂ ಇವೆ. ಮಕ್ಕಳ ಹಟಕ್ಕೆ ಬರುತ್ತವೆ. ಮಕ್ಕಳು ಪ್ಲಸ್ ಟು ಮುಟ್ಟುವಷ್ಟರಲ್ಲಿ ಹುಲ್ಲು ಹಾಕುವ ಕೆಲಸ ಅಮ್ಮನ ತಲೆಗೆ ಬಂದಿರುತ್ತದೆ. ಐದರಿಂದ ಎಂಟು ವರ್ಷ ಬಾಳುವ ಜೀವ. ಅದು ಮುದಿಯಾಗುವುದೂ ಕಣ್ಣು ಮಂಜಾಗುವುದೂ ನಮ್ಮ ಜಗಲಿಯಲ್ಲೇ.

ಬರೆಯಲು ಕಾರಣ ಉಂಟು. ಬದಿಯಡ್ಕದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಬ್ಲೌಸಿನ ಅಳತೆ ಕೊಡಲು ಬಂದವರೊಬ್ಬರು ಮೊನ್ನೆ ಮಾತಿನ ನಡುವೆ, ತಮ್ಮ ಮನೆಯ ಗಿನಿಪಿಗ್ಗಿನ ಕಣ್ಣು ಬೆಳ್ಳಗಾಯಿತೆಂದೂ ಅದನ್ನು ತೋಟದಾಚೆಯ ಗುಡ್ಡೆಗೆ ಬಿಟ್ಟು ಬಂದೆವೆಂದೂ ಹೇಳಿದರು. "ಕಣ್ಣು ಕಾಣದ್ದನ್ನು ಇಟ್ಟುಕೊಂಡು ಎಂತ ಮಾಡುವುದು? ಅಲ್ಲಿ ಹುಲ್ಲಾದರೂ ಉಂಟು" ಎಂದರು. ಕೆಟ್ಟ ಮನಸ್ಸಿನವರಲ್ಲ. ಹುಲ್ಲು ಉಂಟು, ನಿಜ. ಕೇರೆ ಹಾವು, ನರಿ, ಬೀದಿನಾಯಿಗಳೂ ಉಂಟಲ್ಲ! ಕಣ್ಣು ಸರಿಯಿದ್ದದ್ದೇ ಅಲ್ಲಿ ಒಂದು ರಾತ್ರಿ ಕಳೆಯುವುದು ಕಷ್ಟ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ಜನ ಸಾವಿರಾರು ವರ್ಷಗಳ ಹಿಂದೆಯೇ ಸಾಕಿ ಪಳಗಿಸಿದ ಪ್ರಾಣಿ ಅದು. ಕಾಡು ಮರೆತು ಎಷ್ಟೋ ಕಾಲವಾಯಿತು.

ನಮ್ಮ ಮನೆಯ ಬೆಲ್ಲನಿಗೆ (ಮೈಬಣ್ಣ ನೋಡಿ ಮಗಳು ಇಟ್ಟ ಹೆಸರು, ಪ್ರಾಣಿ ಹೆಣ್ಣು) ಎರಡೂ ಕಣ್ಣು ಕಾಣುವುದಿಲ್ಲ. ತಿಂದುಂಡು ಆರಾಮವಾಗಿದ್ದಾಳೆ. ಅವಳನ್ನು ನೋಡಿ ಹೇಳುತ್ತಿದ್ದೇನೆ: ಕುರುಡುತನ ಈ ಪ್ರಾಣಿಗೆ ನಾವು ಎಣಿಸಿದಷ್ಟು ದೊಡ್ಡ ಆಪತ್ತಲ್ಲ. ಕಣ್ಣು ಯಾಕೆ ಹೋಯಿತು ಎಂಬುದರಲ್ಲಿ ಆಪತ್ತು ಇರಬಹುದು, ಅದಕ್ಕೆ ನಾವು ಮಾಡುವ ಮದ್ದಿನಲ್ಲಿ ಇನ್ನೂ ಹೆಚ್ಚು.

ಮೊದಲಿಗೆ ಗೊತ್ತಾಗುವುದೇ ಕಷ್ಟ. ಗಿನಿಪಿಗ್ಗಿನ ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲಿನದ್ದು ಬಹುಮಟ್ಟಿಗೆ ಕಾಣುತ್ತದೆ, ಯಾವುದು ಎಷ್ಟು ದೂರ ಎಂಬ ಅಂದಾಜು ಮಾತ್ರ ಕಡಿಮೆ. ಅದರ ವ್ಯವಹಾರವೆಲ್ಲ ಹೆಚ್ಚಾಗಿ ಮೂಗು, ಕಿವಿ, ಮೀಸೆಯದ್ದು. ದೃಷ್ಟಿ ನಿಧಾನಕ್ಕೆ ಹೋದರೆ ಗೂಡಿನೊಳಗೆ ಅದು ಎಂದಿನ ಹಾಗೆಯೇ ತಿರುಗಾಡಿಕೊಂಡಿರುತ್ತದೆ. ಬೆಲ್ಲನ ವಿಷಯ ನನಗೆ ಹೊಳೆದದ್ದು, ನೆಲ ಒರೆಸಲೆಂದು ಹೊಲಿಗೆ ಮೆಷಿನನ್ನು ಸ್ವಲ್ಪ ಆಚೆ ಸರಿಸಿದ ದಿನ. ಸಂಜೆ ಹೊರಗೆ ಬಿಟ್ಟಾಗ ದಿನದ ದಾರಿಯಲ್ಲೇ ಓಡಿಬಂದವಳು ಮೆಷಿನಿನ ಕಬ್ಬಿಣದ ಕಾಲಿಗೆ ಮೂಗು ಜಜ್ಜಿಕೊಂಡಳು. ನಿಂತು, ಮೀಸೆ ಅಲ್ಲಾಡಿಸಿ ಮೂಸಿದಳು. ಆಮೇಲೆ ಗೋಡೆಗೆ ಮೈ ಒತ್ತಿಕೊಂಡು ಸುತ್ತು ಬಳಸಿ ಗೂಡು ಸೇರಿದಳು. ಅಲ್ಲಿಂದ ಗಮನ ಇಟ್ಟೆ. ಕೊತ್ತಂಬರಿ ಸೊಪ್ಪನ್ನು ಸದ್ದಿಲ್ಲದೆ ಎದುರು ಹಿಡಿದರೆ ಸುಮ್ಮನಿರುತ್ತಾಳೆ, ಪ್ಲಾಸ್ಟಿಕ್ ತೊಟ್ಟೆ ಪರಪರ ಎಂದರೆ ಮಾತ್ರ ವೀಕ್ ವೀಕ್ ಎಂದು ಮನೆ ಎತ್ತಿಹಾಕುತ್ತಾಳೆ. ಹಿಂದಿನಿಂದ ಬೆನ್ನು ಮುಟ್ಟಿದರೆ ಹಾರಿಬೀಳುತ್ತಾಳೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದರೆ ಎರಡೂ ಪಾಪೆಗಳೊಳಗೆ ಅಕ್ಕಿ ತೊಳೆದ ನೀರಿನಂಥ ಬಿಳುಪು.

ಮುಖದ ಎದುರು ಕೈ ಬೀಸಿ ಪರೀಕ್ಷೆ ಮಾಡುವವರಿದ್ದಾರೆ. ಅದರಿಂದ ಏನೂ ತಿಳಿಯದು. ಬೀಸಿದ ಗಾಳಿ ಮೀಸೆಗೆ ತಾಗಿ ಕುರುಡು ಪ್ರಾಣಿಯೂ ಬೆಚ್ಚುತ್ತದೆ. ಕಣ್ಣಿರುವುದು ಹೆದರಿ ಅಲ್ಲಾಡದೆ ಕೂತುಬಿಡುವುದೂ ಉಂಟು. ಇನ್ನು, ಆಗೀಗ ಕಣ್ಣಿನಿಂದ ಬೆಳ್ಳಗಿನ ನೀರು ಬರುವುದು, ಅದನ್ನು ಮುಂಗಾಲಿಗೆ ತಾಗಿಸಿ ಮುಖ ತಿಕ್ಕುವುದು ರೋಗವಲ್ಲ, ಗಿನಿಪಿಗ್ಗು ಮುಖ ತೊಳೆಯುವ ಕ್ರಮವೇ ಅದು. ರೆಪ್ಪೆಗೆ ಅಂಟಿ ಗಟ್ಟಿಯಾಗುವ ಪಿಸುರು ಬೇರೆ. ಅದಕ್ಕೆ ಡಾಕ್ಟರು ಬೇಕು.

ಕಣ್ಣಿನ ಪೊರೆ ವಯಸ್ಸಿನಿಂದಲೂ ವಂಶದಿಂದಲೂ ಬರುತ್ತದೆ, ಸಕ್ಕರೆ ಕಾಯಿಲೆಯಿಂದಲೂ ಬರಬಹುದು. ನೀರಿನ ಬಾಟಲಿ ಮೊದಲಿಗಿಂತ ಬೇಗ ಖಾಲಿಯಾಗುತ್ತಿದ್ದರೆ ಆ ಮಾತನ್ನು ಡಾಕ್ಟರಿಗೆ ಹೇಳಲೇಬೇಕು. ಬರೀ ಪೊರೆಯಾದರೆ ಸಾಮಾನ್ಯವಾಗಿ ನೋವಿಲ್ಲ. ಒಂದು ಕಣ್ಣು ಅರೆಮುಚ್ಚಿ ನೀರು ಸುರಿಯುವುದು, ಕಣ್ಣಿನ ಮೇಲ್ಮೈ ನೀಲಿಬಿಳುಪಾಗುವುದು, ಕಣ್ಣುಗುಡ್ಡೆ ಊದಿ ಮುಂದೆ ಬರುವುದು, ಇವು ನೋವಿನ ಲಕ್ಷಣ. ಹುಲ್ಲಿನ ಕಡ್ಡಿ ಚುಚ್ಚಿ ಹುಣ್ಣಾಗಿರಬಹುದು, ಕಣ್ಣಿನೊಳಗೆ ಒತ್ತಡ ಏರಿರಬಹುದು, ದವಡೆ ಹಲ್ಲಿನ ಬೇರಿನಲ್ಲಿ ಕೀವಾಗಿ ಕಣ್ಣನ್ನು ಹಿಂದಿನಿಂದ ದೂಡುತ್ತಿರಬಹುದು. ಇದಕ್ಕೆ ನಾಳೆ ನಾಡಿದ್ದು ಎನ್ನುವ ಹಾಗಿಲ್ಲ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಬೈಹುಲ್ಲು, ಗುಡ್ಡೆಯ ಒಣ ಮುಳಿಹುಲ್ಲು ಎರಡೂ ಬಿರುಸು. ಮೆತ್ತಗಿನ ಒಣಹುಲ್ಲು ತರಿಸಲಾಗದವರು ಮದ್ದು ಸಿಂಪಡಿಸದ ಜಾಗದ ಎಳೆ ಹಸಿಹುಲ್ಲು ಕೊಯ್ದು ಕೊಡಲಿ, ದಪ್ಪ ಕಡ್ಡಿಗಳನ್ನು ಹೆಕ್ಕಿ ತೆಗೆಯಲಿ.

ಮದ್ದಿನ ಮಾತಿಗೆ ಬರುತ್ತೇನೆ. ಅಜ್ಜನ ಪೊರೆ ಆಪರೇಷನ್ ಆದ ಮೇಲೆ ಉಳಿದ ಡ್ರಾಪ್ಸ್ ಎಷ್ಟೋ ಮನೆಗಳ ಫ್ರಿಜ್ಜಿನ ಬಾಗಿಲಲ್ಲಿ ಇರುತ್ತದೆ. ದಯವಿಟ್ಟು ಅದನ್ನು ಪ್ರಾಣಿಯ ಕಣ್ಣಿಗೆ ಬಿಡಬೇಡಿ. ಅಂಥ ಡ್ರಾಪ್ಸಿನಲ್ಲಿ ಹೆಚ್ಚಾಗಿ ಸ್ಟಿರಾಯ್ಡ್ ಇರುತ್ತದೆ. ಹುಣ್ಣಿರುವ ಕಣ್ಣಿಗೆ ಸ್ಟಿರಾಯ್ಡ್ ಬಿದ್ದರೆ ಹುಣ್ಣು ಆಳಕ್ಕೆ ಇಳಿಯುತ್ತದೆ, ಕಣ್ಣು ತೂತಾಗುವವರೆಗೂ ಹೋಗಬಹುದು. ಹುಣ್ಣು ಇದೆಯೋ ಇಲ್ಲವೋ ಎಂದು ನೋಡಲು ಡಾಕ್ಟರಲ್ಲಿ ಒಂದು ಕಿತ್ತಳೆ ಬಣ್ಣದ ಕಾಗದದ ಪಟ್ಟಿ ಇರುತ್ತದೆ. ಅದರ ಬಣ್ಣ ಕಣ್ಣಿಗೆ ತಾಗಿಸಿ ನೀಲಿ ಬೆಳಕು ಬಿಟ್ಟರೆ ಹುಣ್ಣಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ಬೆಲ್ಲನಿಗೂ ಹಾಗೆಯೇ ನೋಡಿದರು, ಹಸಿರು ಕಾಣಲಿಲ್ಲ. ಇನ್ನೂ ದೊಡ್ಡ ಅಪಾಯ ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ಪು. ಪೆನಿಸಿಲಿನ್ ಜಾತಿಯ ಮದ್ದು ಬಾಯಿಗೆ ಹೋದರೆ ಗಿನಿಪಿಗ್ಗಿನ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಉಗುಳುವ ಕೆಟ್ಟವು ಹೆಚ್ಚುತ್ತವೆ. ಕಣ್ಣಿನ ಸೋಂಕಿಗೆಂದು ಕೊಟ್ಟ ಮದ್ದು ಜೀವಕ್ಕೇ ಎರವಾಗುತ್ತದೆ.

ಪೊರೆ ಬಂದ ಮೇಲೆ ಆಪರೇಷನ್ ಮಾಡಿಸಲೇಬೇಕೆಂದಿಲ್ಲ. ಮಾಡಬೇಕಾದ್ದು ನಮ್ಮ ಮನೆಯೊಳಗೆ. ಗೂಡು, ಹುಲ್ಲಿನ ಬುಟ್ಟಿ, ನೀರಿನ ಬಾಟಲಿ, ಅಡಗುವ ರಟ್ಟಿನ ಪೆಟ್ಟಿಗೆ ಇದ್ದಲ್ಲೇ ಇರಬೇಕು. ಏಣಿ, ಮೆಟ್ಟಿಲು, ಅಟ್ಟ ತೆಗೆದುಬಿಡಬೇಕು. ಮುಟ್ಟುವ ಮೊದಲು ಮಾತಾಡಬೇಕು. ನಾನು ಎತ್ತುವ ಮುಂಚೆ "ಬೆಲ್ಲಾ" ಎಂದು ಕರೆದು, ಕೈಯನ್ನು ಮೂಗಿನ ಹತ್ತಿರ ಹಿಡಿದು, ಅವಳು ಮೂಸಿದ ಮೇಲೆಯೇ ಮುಟ್ಟುವುದು. ಹಾಸು ಬಟ್ಟೆಗಳನ್ನು ಎಲ್ಲ ಒಟ್ಟಿಗೆ ಒಗೆಯುವುದಿಲ್ಲ. ತನ್ನ ವಾಸನೆ ಇರುವ ಒಂದು ತುಂಡಾದರೂ ಗೂಡಿನಲ್ಲಿ ಉಳಿದರೆ ಅವಳಿಗೆ ದಿಕ್ಕು ಸಿಗುತ್ತದೆ. ಹಾಗೆಂದು ಮೂತ್ರದ ಒದ್ದೆ ಬಿಡಬಾರದು. ಮಳೆಗಾಲದ ಆಟಿ ತಿಂಗಳಲ್ಲಿ ಒಣಗದ ಗೂಡಿನ ಘಾಟು ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಅಂಗಡಿಯ ಚಿಂದಿ ಬಟ್ಟೆ ಕೇಳಿಕೊಂಡು ಬರುವವರಿಗೆ ಕೊಡುತ್ತೇನೆ, ಅಂಚು ಮಡಚಿ ಹೊಲಿದೇ ಕೊಡುತ್ತೇನೆ. ಬಿಟ್ಟ ನೂಲು ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡದೆ ಬೆರಳೇ ಹೋದೀತು, ಕಾಣದ ಪ್ರಾಣಿ ಬಿಡಿಸಿಕೊಳ್ಳುವುದೂ ಇಲ್ಲ.

ಜೊತೆಗಾತಿ ಇದ್ದರೆ ಅರ್ಧ ಚಿಂತೆ ಕಡಿಮೆ. ಬೆಲ್ಲ ತನ್ನ ಮಗಳ ಗುರುಗುರು ಸದ್ದು ಹಿಡಿದು ಹಿಂದೆಯೇ ಹೋಗುತ್ತಾಳೆ. ಆದರೆ ಹಸಿರು ಹಾಕುವಾಗ ಇಬ್ಬರಿಗೂ ಬೇರೆ ಬೇರೆ ಹಾಕಬೇಕು, ಮಗಳು ಬಾಯಿಂದ ಕಿತ್ತು ಓಡುತ್ತಾಳೆ! ನಮ್ಮ ಹಾಗೆ ಗಿನಿಪಿಗ್ಗಿಗೂ ಮೈಯಲ್ಲಿ ವಿಟಮಿನ್ ಸಿ ತಯಾರಾಗುವುದಿಲ್ಲ, ದಿನಾ ತಿಂದೇ ಸಿಗಬೇಕು. ಒಂದು ತುಂಡು ದೊಣ್ಣೆಮೆಣಸು, ಕೊತ್ತಂಬರಿ, ಆಗೀಗ ಪೇರಳೆ ಸಾಕು. ನೀರಿಗೆ ಹನಿ ಹಾಕುವ ಮದ್ದಿನ ಸತ್ವ ಬೇಗ ಹೋಗುತ್ತದೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಕಾಣದ್ದಕ್ಕೆ ಆಹಾರ ಸಿಗುತ್ತಿದೆಯೋ, ಹಲ್ಲಿಗೆ ಏನಾದರೂ ಆಗಿದೆಯೋ ಎಂದು ತಕ್ಕಡಿ ಮೊದಲು ಹೇಳುತ್ತದೆ. ಒಂದು ದಿನ ಪೂರ್ತಿ ತಿನ್ನಲಿಲ್ಲವೆಂದರೆ ಅದು ತುರ್ತು.

ಮಾರುವವರಿಗೂ ಒಂದು ಮಾತು. ಬಿಳಿಯೂ ಬಣ್ಣದ ಕೂದಲೂ ಮೈಯೆಲ್ಲ ಬೆರೆತ ರೋನ್, ಬಿಳಿ ಮೈಮೇಲೆ ಚುಕ್ಕೆಯ ಡಾಲ್ಮೇಷನ್, ಈ ಬಣ್ಣದ ಎರಡನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿಯ ಮಟ್ಟಿಗೆ ಬೆಳ್ಳಗೆ, ಕಣ್ಣು ತೀರ ಸಣ್ಣದಾಗಿ ಅಥವಾ ಇಲ್ಲದೆಯೇ, ಹಲ್ಲು ಕೆಟ್ಟು ಹುಟ್ಟುವ ಸಂಭವ. ಚಂದದ ಬಿಳಿ ಮರಿಯೆಂದು ಕೊಂಡವರು ಆಮೇಲೆ ಅಳುತ್ತಾರೆ. ಗಿನಿಪಿಗ್ಗಿನ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ. "ಇನ್ನೂ ಕಣ್ಣು ಬಿಟ್ಟಿಲ್ಲ, ಮರಿಯಲ್ಲವೋ" ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ತಂದೆ ತಾಯಿಯ ಬಣ್ಣ ಕೇಳಿ.

ನಿಮ್ಮಲ್ಲಿ ಕೋರಿಕೆ ಇಷ್ಟೇ. ನಮ್ಮ ಮೃಗಾಸ್ಪತ್ರೆಗಳಲ್ಲಿ ದನ, ಆಡು, ಕೋಳಿ ನೋಡಿಯೇ ಡಾಕ್ಟರಿಗೆ ಪುರುಸೊತ್ತಿಲ್ಲ, ಅದು ತಪ್ಪಲ್ಲ. ಗಿನಿಪಿಗ್ಗು, ಮೊಲ, ಹ್ಯಾಮ್‌ಸ್ಟರ್ ನೋಡಿ ಅನುಭವವಿರುವ ಪಶುವೈದ್ಯರಿಂದ ಪುರವಣಿಯಲ್ಲಿ ತಿಂಗಳಿಗೊಮ್ಮೆಯಾದರೂ ಕನ್ನಡದಲ್ಲಿ ಬರೆಸಿ. ಕೊಡಬಾರದ ಮದ್ದುಗಳ ಹೆಸರು ದಪ್ಪ ಅಕ್ಷರದಲ್ಲಿ ಇರಲಿ, ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿಕೊಳ್ಳುತ್ತೇವೆ. ಮೊದಲ ಕಂತಿನಲ್ಲಿಯೇ ಹಲ್ಲಿನ ವಿಷಯ ಬಂದರೆ ಒಳ್ಳೆಯದು. ಈ ಪ್ರಾಣಿಯ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಬಾಯಿ ತೆರೆದು ನೋಡುವುದು ನಮ್ಮಂಥವರಿಂದ ಆಗುವ ಕೆಲಸವಲ್ಲ.

– ಹೊಲಿಗೆ ಅಂಗಡಿಯ ಓದುಗಿ, ಬದಿಯಡ್ಕ, ಕಾಸರಗೋಡು ಜಿಲ್ಲೆ