ಹೊಸೂರು ರೋಡಿನಲ್ಲಿ ಇನ್ನು ನಮ್ಮ ವ್ಯಾನ್ ಓಡುವುದಿಲ್ಲ

ನಮಸ್ಕಾರ,

ಸುತ್ತಿ ಬಳಸಿ ಹೇಳುವುದು ಬೇಡ. ಕತ್ರಿಗುಪ್ಪೆ, ಬನಶಂಕರಿ, ಜಯನಗರದಲ್ಲಿ ನಿಮ್ಮನ್ನು ಹತ್ತಿಸಿಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ಬಿಡುತ್ತಿದ್ದ ವ್ಯಾನನ್ನು ಮುಂದಿನ ತಿಂಗಳ 1ನೇ ತಾರೀಖಿನಿಂದ ನಿಲ್ಲಿಸುತ್ತಿದ್ದೇವೆ. ಮನೆ ಹತ್ತಿರದಿಂದ ಆರ್.ವಿ. ರೋಡ್ ಸ್ಟೇಷನ್ನಿಗೆ ನಾವು ಬಿಡುತ್ತೇವೆ, ಅಲ್ಲಿಂದ ಹಳದಿ ಮಾರ್ಗದ ಮೆಟ್ರೊ, ಇಳಿದ ಮೇಲೆ ಆಫೀಸ್ ಗೇಟಿನವರೆಗೆ ಮತ್ತೆ ನಾವು. ಸಂಜೆ ಇದೇ ಉಲ್ಟಾ.

ಹತ್ತು, ಇಳಿ, ಮತ್ತೆ ಹತ್ತು, ಇದೇನು ಕಾಟ ಅಂತ ಅನ್ನಿಸುತ್ತದೆ, ಅಲ್ವಾ? ನಮಗೂ ಅನ್ನಿಸಿತ್ತು. ಆದರೆ ಸಿಲ್ಕ್ ಬೋರ್ಡ್ ಹತ್ತಿರ ಇಂಜಿನ್ ಆನ್ ಇಟ್ಟುಕೊಂಡೇ ನಿಂತು, ನಮ್ಮ ತಲೆ ಮೇಲೆ ಮೆಟ್ರೊ ರೈಲು ಹೋಗುವುದನ್ನು ನೋಡುತ್ತಾ ಎಷ್ಟು ದಿನ ಕಳೆಯುವುದು? ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಡೀಸೆಲ್ಲೇ ಒಂದು ಕೆ.ಜಿ. ತೂಗುವುದಿಲ್ಲ, ಉಳಿದ ತೂಕ ಗಾಳಿಯ ಆಮ್ಲಜನಕದ್ದು. ಇದರ ಮೇಲೆ, ನಿಮ್ಮನ್ನು ಇಳಿಸಿದ ವ್ಯಾನ್ ಬೆಳಿಗ್ಗೆ ಖಾಲಿ ವಾಪಸ್ ಬರುತ್ತಿತ್ತು, ಸಂಜೆ ಖಾಲಿ ಹೋಗುತ್ತಿತ್ತು. ಆ ಡೀಸೆಲ್ ಪೂರ್ತಿ ದಂಡ.

ಮೆಟ್ರೊ ಏನು ನೀರು ಕುಡಿದು ಓಡುತ್ತದಾ ಅಂತ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಶರಾವತಿಯ ನೀರು, ಪಾವಗಡದ ಬಿಸಿಲಿನ ಜೊತೆ ರಾಯಚೂರಿನ ಕಲ್ಲಿದ್ದಲೂ ನಮ್ಮ ಕರೆಂಟಿನಲ್ಲಿ ಇದೆ. ಆದರೂ ತುಂಬಿದ ರೈಲಿನಲ್ಲಿ ತಲೆಗೆ ಬೀಳುವ ಹೊಗೆಯ ಪಾಲು ಹತ್ತು ಸೀಟಿನ ವ್ಯಾನಿಗಿಂತ ತುಂಬಾನೇ ಕಡಿಮೆ. ನಮ್ಮ ಓಡಾಟ ಚಿಕ್ಕದಾದ್ದರಿಂದ ಎರಡು ಡೀಸೆಲ್ ವ್ಯಾನ್ ಮಾರಿ ಎಲೆಕ್ಟ್ರಿಕ್ ತರುತ್ತಿದ್ದೇವೆ. ಹೊಸೂರು ರೋಡಿನ ಟ್ರಿಪ್ಪುಗಳಿಗೆ ಅವನ್ನು ನಂಬುವ ಧೈರ್ಯ ನಮಗಿರಲಿಲ್ಲ, ಮಧ್ಯಾಹ್ನ ಚಾರ್ಜ್ ಮಾಡಲು ಪುರುಸೊತ್ತು ಎಲ್ಲಿತ್ತು?

2025ರ ಆಗಸ್ಟಿನಲ್ಲಿ ಮಾರ್ಗ ಶುರುವಾದಾಗಲೇ ಯಾಕೆ ಮಾಡಲಿಲ್ಲ ಅಂದರೆ, ಆಗ ಇದ್ದದ್ದು ಮೂರೇ ರೈಲು, ಒಂದು ತಪ್ಪಿದರೆ ಇನ್ನೊಂದಕ್ಕೆ 25 ನಿಮಿಷ ಕಾಯಬೇಕಿತ್ತು, ನಿಮ್ಮ ಮ್ಯಾನೇಜರ್ ಬೈಗುಳ ನಮಗೆ ಬರುತ್ತಿತ್ತು. ಈಗ ರೈಲು ಹೆಚ್ಚಾಗಿವೆ.

ದುಡ್ಡಿನ ವಿಷಯ. ನಮ್ಮ ಪಾಸ್ ಅರ್ಧಕ್ಕೆ ಇಳಿಯುತ್ತದೆ. ಮೆಟ್ರೊ ಟಿಕೆಟ್ ನಿಮ್ಮದೇ. ಎರಡೂ ಸೇರಿಸಿದರೆ ನಿಮಗೆ ದೊಡ್ಡ ಉಳಿತಾಯವೇನೂ ಆಗುವುದಿಲ್ಲ, ಸುಮ್ನೆ ಆಸೆ ತೋರಿಸುವುದಿಲ್ಲ. ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆಯಲ್ಲಿರುವ ಜಯನಗರ 5ನೇ ಬ್ಲಾಕಿನವರು ಬೆಳಗಿನ ವ್ಯಾನ್ ಬಿಟ್ಟು ನಡೆದೇ ಹೋದರೆ ಪಾಸ್ ಇನ್ನೂ ಅಗ್ಗ. ನಿಮ್ಮನ್ನು ದೂರ ತಳ್ಳುತ್ತಿದ್ದೇವೆ ಅಂತಲ್ಲ, ಆ ಸೀಟು ಹೊಸಕೆರೆಹಳ್ಳಿಯವರಿಗೆ ಬೇಕು.

ರಾತ್ರಿ 10ರ ಮೇಲೆ ಕೆಲಸ ಮುಗಿಸುವವರು ಹೆದರಬೇಡಿ. ಉಳಿಸಿಕೊಂಡ ಒಂದು ಹಳೇ ವ್ಯಾನ್ ಮೊದಲಿನ ಹಾಗೆ ಮನೆ ಬಾಗಿಲಿಗೇ ಬರುತ್ತದೆ. ಡ್ರೈವರುಗಳು ಅವರೇ, ಯಾರನ್ನೂ ಬಿಡಿಸಿಲ್ಲ.

ಈ ಬದಲಾವಣೆ ಒಗ್ಗದಿದ್ದರೆ ಪಾಸಿನ ಉಳಿದ ದುಡ್ಡು ವಾಪಸ್ ಕೊಡುತ್ತೇವೆ. ಮುಂದುವರಿಯುವವರು ಇಳಿಯುವ ಸ್ಟೇಷನ್ ಕೋನಪ್ಪನ ಅಗ್ರಹಾರವೋ ಎಲೆಕ್ಟ್ರಾನಿಕ್ ಸಿಟಿಯೋ, ಯಾವ ಗೇಟು, ಎಷ್ಟು ಗಂಟೆಗೆ ಅಂತ 25ರೊಳಗೆ ನಿಮ್ಮ ಡ್ರೈವರಿಗೆ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಮರೆಯುತ್ತಾರೆ.