ಊಟದ ಜಾಗ ಇಲ್ಲದ ಆ ಮನೆಯ ವಿಷಯ

ಫ್ರಾಂಕ್‌ಫರ್ಟ್

ಪ್ರೀತಿಯ ಅಣ್ಣನಿಗೆ, ಅತ್ತಿಗೆಗೆ,

ನಾವೆಲ್ಲ ಇಲ್ಲಿ ಕ್ಷೇಮ. ನೀವು ತಗೊಳ್ಳಬೇಕು ಅಂತಿರುವ ಕುಶಾಲನಗರದ ಮನೆಯ ಫೋಟೋಗಳು, ನೀನು ಪೆನ್ನಲ್ಲಿ ಗೀಚಿ ಕಳಿಸಿದ ನಕ್ಷೆ, ಎರಡೂ ನೋಡಿದೆ. ಫೋನಲ್ಲಿ ಶುರು ಮಾಡಿದರೆ ಮಾತು ಕಾಫಿ ರೇಟು, ಮಕ್ಕಳ ಪರೀಕ್ಷೆ ಅಂತ ಎಲ್ಲೆಲ್ಲಿಗೋ ಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಪ್ಪ ಅಮ್ಮನಿಗೂ ಓದಿ ಹೇಳು.

ಎರಡು ರೂಮು, ಒಂದು ಹಾಲು, ಒಂದು ಸಣ್ಣ ಅಡುಗೆಮನೆ. ಊಟಕ್ಕೆ ಅಂತ ಬೇರೆ ಜಾಗ ಇಲ್ಲ. ‘ಆರು ಜನ ಎಲ್ಲಿ ಕೂತು ಉಣ್ಣೋದು’ ಅಂತ ಅಮ್ಮ ಕೇಳಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಡುಗೆಮನೆಗೂ ಹಾಲಿಗೂ ನಡುವೆ ಇರುವ ಗೋಡೆಯಲ್ಲಿ ದೊಡ್ಡ ಕಿಂಡಿ ತೆಗೆಯಲು ಆಗುತ್ತದೆ ಅಂದರೆ ತಗೊಳ್ಳಿ. ಆಗುವುದಿಲ್ಲ ಅಂದರೆ ಬೇಡ, ಬೇರೆ ನೋಡೋಣ. ಊಟದ ರೂಮು ಇಲ್ಲದ್ದು ನನಗೆ ಅಷ್ಟು ದೊಡ್ಡ ಕೊರತೆ ಅನ್ನಿಸುತ್ತಿಲ್ಲ, ಆ ಗೋಡೆ ಮಾತ್ರ ಅನ್ನಿಸುತ್ತಿದೆ.

ಯಾಕೆ ಅಂತ ಹೇಳುತ್ತೇನೆ. ನಾವಿರುವ ಈ ಬಾಡಿಗೆ ಮನೆಯಲ್ಲೂ ಊಟದ ಜಾಗ ಇಲ್ಲ, ಹಾಲಲ್ಲೇ ಟೇಬಲ್. ಈ ಊರಲ್ಲಿ ಅದಕ್ಕೆ ನೂರು ವರ್ಷದ ಹಿನ್ನೆಲೆ ಇದೆ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿ ಮನೆಗಳಿಗೆ ತುಂಬಾ ಕಷ್ಟ ಇತ್ತಂತೆ. 1925ರಲ್ಲಿ ಎರ್ನ್ಸ್ಟ್ ಮೈ ಅನ್ನುವ ವಾಸ್ತುಶಿಲ್ಪಿಗೆ ನಗರದ ಕಟ್ಟಡಗಳ ಜವಾಬ್ದಾರಿ ಕೊಟ್ಟರು, ಅವರು ಐದೇ ವರ್ಷದಲ್ಲಿ ಸಾವಿರಾರು ಸಣ್ಣ ಮನೆ ಕಟ್ಟಿಸಿದರು. ಆ ಮನೆಗಳಿಗೆ ಅಡುಗೆಮನೆ ರೂಪಿಸಿದ್ದು ಒಬ್ಬ ಹೆಂಗಸು, ಮಾರ್ಗರೆಟೆ ಶುಟೆ-ಲಿಹೋಟ್ಸ್ಕಿ, 1926ರಲ್ಲಿ. ಅಗಲ 1.9 ಮೀಟರ್, ಉದ್ದ 3.4 ಮೀಟರ್. ನಮ್ಮ ಲೆಕ್ಕದಲ್ಲಿ ಆರು ಕಾಲು ಅಡಿಗೆ ಹನ್ನೊಂದು ಅಡಿ ಅಷ್ಟೇ. ರೈಲಿನ ಊಟದ ಬೋಗಿಯ ಅಡುಗೆಮನೆ ನೋಡಿ ಕಲಿತದ್ದಂತೆ. ಅಲ್ಲಿ ಯಾರೂ ಕೂತು ಉಣ್ಣಲು ಆಗುವುದಿಲ್ಲ, ಬೇಕು ಅಂತಲೇ ಹಾಗೆ ಮಾಡಿದ್ದು. ಅದಕ್ಕೆ ಮೊದಲು ಇಲ್ಲಿನ ಕೂಲಿಕಾರರ ಮನೆಗಳಲ್ಲಿ ಅಡುಗೆ, ಊಟ, ಎಷ್ಟೋ ಕಡೆ ಮಲಗುವುದೂ ಒಂದೇ ಕೋಣೆಯಲ್ಲಿತ್ತು. ಈ ಹೊಸ ಮನೆಗಳಲ್ಲಿ ಊಟದ ಟೇಬಲ್ ಪಕ್ಕದ ಕೋಣೆಗೆ ಬಂತು, ನಡುವೆ ಜಾರುವ ಬಾಗಿಲು ಬಂತು, ಅಡುಗೆ ಮಾಡುತ್ತಲೇ ಮಕ್ಕಳ ಮೇಲೆ ಕಣ್ಣಿಡಬಹುದು ಅಂತ. ಅಂಥ ಅಡುಗೆಮನೆ ಸುಮಾರು 10,000 ಮನೆಗಳಿಗೆ ಹಾಕಿದರು.

ರ್‍ಯೋಮರ್‌ಶ್ಟಾಟ್ ಅನ್ನುವ ಬಡಾವಣೆಯಲ್ಲಿ ಅಂಥ ಒಂದು ಮನೆಯನ್ನು ಹಾಗೇ ಉಳಿಸಿ ಮ್ಯೂಸಿಯಂ ಮಾಡಿದ್ದಾರೆ, ನಾವು ಹೋಗಿ ನೋಡಿದೆವು. ಅತ್ತಿಗೆ, ನೀವು ನೋಡಿದ್ದರೆ ಅಲ್ಲಿಂದ ಹೊರಗೆ ಬರುತ್ತಲೇ ಇರಲಿಲ್ಲ. ಅಕ್ಕಿ, ಸಕ್ಕರೆ, ಬೇಳೆ ಹಾಕಿಡಲು ಗೋಡೆಯಲ್ಲೇ ಸಾಲಾಗಿ ಅಲ್ಯೂಮಿನಿಯಂ ಡಬ್ಬಗಳು. ಎಳೆದರೆ ಡ್ರಾಯರ್ ತರಹ ಪೂರ್ತಿ ಕೈಗೆ ಬರುತ್ತದೆ, ತುದಿಯಲ್ಲಿ ಮೂತಿ ಇದೆ, ಹಾಗೇ ಪಾತ್ರೆಗೆ ಸುರಿಯಬಹುದು. ಹಿಟ್ಟಿನ ಡಬ್ಬ ಮಾತ್ರ ಓಕ್ ಮರದ್ದು, ಹುಳ ಹಿಡಿಯಬಾರದು ಅಂತ! ಇಷ್ಟು ಯೋಚನೆ ಮಾಡಿ ಮಾಡಿದ ಅಡುಗೆಮನೆಗೂ ಮುಂದೆ ಒಂದು ದೂರು ಬಂತು. ಅಡುಗೆ ಮಾಡುವವಳು ಒಬ್ಬಳೇ ಒಳಗೆ, ಉಳಿದವರೆಲ್ಲ ಆಚೆ. 1970ರ ದಶಕದಲ್ಲಿ ಇಲ್ಲಿನ ಹೆಂಗಸರೇ ಅದನ್ನು ಜೋರಾಗಿ ಹೇಳಿದರು.

ನೀನು ಕಳಿಸಿದ ನಕ್ಷೆ ನೋಡಿದಾಗ ನನಗೆ ತಕ್ಷಣ ಕಂಡದ್ದೂ ಇದೇ ಅಣ್ಣ. ಅಡುಗೆಮನೆ ಹಿಂದಿನ ಮೂಲೆಯಲ್ಲಿದೆ, ಬಾಗಿಲು ಹಾಲಿಗೆ ನೇರ ಇಲ್ಲ, ಬಾತ್‌ರೂಮ್ ಪಕ್ಕದ ಓಣಿಗೆ ತೆರೆಯುತ್ತದೆ. ನಮ್ಮ ಮನೆಯ ಊಟ ಅಂದರೆ ಏನು ಹೇಳು. ಅಕ್ಕಿ ರೊಟ್ಟಿ ತವಾದಿಂದ ಎದ್ದು ಕೆಂಡದ ಮೇಲೆ ಉಬ್ಬಿದ ಕೂಡಲೇ ತಟ್ಟೆಗೆ ಬೀಳಬೇಕು, ಅದು ತಣ್ಣಗಾದರೆ ಅಪ್ಪ ಮುಟ್ಟುವುದೇ ಇಲ್ಲ. ಮಾದಾಪುರದ ನಮ್ಮ ತೋಟದ ಮನೆಯಲ್ಲಿ ಅಡುಗೆಮನೆ ದೊಡ್ಡದು. ಎಲ್ಲರೂ ಒಲೆಯ ಎದುರೇ ಕೂರುತ್ತೇವೆ, ರೊಟ್ಟಿ ಸುಡುವವರು ಮಾತಲ್ಲೂ ಇರುತ್ತಾರೆ. ಈ ಹೊಸ ಮನೆಯಲ್ಲಿ ಅತ್ತಿಗೆ ಆ ಮೂಲೆಯಲ್ಲಿ ಒಬ್ಬರೇ ನಿಂತು ರೊಟ್ಟಿ ಸುಡಬೇಕು, ಪುಟ್ಟಿ ಒಂದೊಂದೇ ಹಿಡಿದು ಓಣಿ ಸುತ್ತಿ ಓಡಬೇಕು. ಕೊನೆಗೆ ಎಲ್ಲರ ಊಟ ಆದ ಮೇಲೆ ಅತ್ತಿಗೆ ಗೋಡೆ ನೋಡಿಕೊಂಡು ಉಣ್ಣಬೇಕು. ದಿನಾ ಎರಡು ಹೊತ್ತು, ವರ್ಷಗಟ್ಟಲೆ. ಇದು ನನಗೆ ಖಂಡಿತ ಇಷ್ಟವಿಲ್ಲ. ಮನೆ ಆರಿಸುವಾಗ ಅತ್ತಿಗೆಯ ಮಾತು ಮೊದಲು ಕೇಳಬೇಕು, ನೀನು ಕೇಳಿದ್ದೀಯ ತಾನೇ?

ಹಾಗಾಗಿ ಆ ಗೋಡೆ. ಇಂಜಿನಿಯರ್ ಕೈಲಿ ನೋಡಿಸು, ಬರೀ ಮೇಸ್ತ್ರಿ ಮಾತು ಸಾಲದು. ಪಿಲ್ಲರ್ ಮೇಲೆ ನಿಂತ ಮನೆಯಾಗಿ, ಆ ಗೋಡೆ ನಾಲ್ಕು ಇಂಚಿನದಾದರೆ ಸಾಮಾನ್ಯವಾಗಿ ಅದರ ಮೇಲೆ ಭಾರ ಇರುವುದಿಲ್ಲ. ಪಿಲ್ಲರ್ ಇಲ್ಲದೆ ಬ್ಲಾಕ್ ಗೋಡೆ ಮೇಲೇ ಮೌಲ್ಡ್, ಅಂದರೆ ಕಾಂಕ್ರೀಟ್ ತಾರಸಿ, ಕೂತಿದ್ದರೆ ಸುಮ್ನೆ ಒಡೆಯಬಾರದು, ಮೇಲೆ ಭಾರ ಹೊರಲು ಅಡ್ಡ ತೊಲೆ, ಲಿಂಟಲ್, ಕೊಟ್ಟೇ ತೆಗೆಯಬೇಕು. ಪೂರ್ತಿ ಗೋಡೆ ಬೀಳಿಸುವುದೇನೂ ಬೇಡ, ನಾಲ್ಕಡಿ ಅಗಲದ ಕಿಂಡಿ ಸಾಕು, ಕೆಳಗೆ ಅಡುಗೆ ಕಟ್ಟೆಯ ಎತ್ತರಕ್ಕೆ ಒಂದು ಗ್ರಾನೈಟ್ ಕಲ್ಲು. ರೊಟ್ಟಿ ಅಲ್ಲಿಂದಲೇ ನೇರ ಟೇಬಲ್ಲಿಗೆ ಬರುತ್ತದೆ. ಗ್ಯಾಸ್ ಒಲೆ ಕಿಂಡಿಗೆ ಒತ್ತಿ ಇಡಬೇಡಿ, ನಮ್ಮ ಪುಟ್ಟ ಅಲ್ಲಿಂದ ಕೈ ಹಾಕುತ್ತಾನೆ. ಒಗ್ಗರಣೆ ವಾಸನೆ ಹಾಲಿಗೆ ಬರುತ್ತದೆ, ನಿಜ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ.

ಇನ್ನು ಟೇಬಲ್. ಹಾಲು ಹತ್ತು ಅಡಿಗೆ ಹದಿನೈದು ಅಂತ ಬರೆದಿದ್ದೀಯ. ಒಬ್ಬರು ಆರಾಮಾಗಿ ಕೂತು ಉಣ್ಣಲು ಟೇಬಲ್ ಅಂಚಿನಲ್ಲಿ ಎರಡು ಅಡಿ ಬೇಕು. ಕುರ್ಚಿ ಎಳೆದು ಏಳಲು, ಹಿಂದೆ ಇನ್ನೊಬ್ಬರು ಓಡಾಡಲು ಮೂರು ಅಡಿ ಬೇಕು. ಐದು ಅಡಿಗೆ ಎರಡೂವರೆ ಅಡಿಯ ಟೇಬಲ್ ಇಟ್ಟರೆ ಉದ್ದಕ್ಕೆ ಇಬ್ಬಿಬ್ಬರು, ತುದಿಗಳಲ್ಲಿ ಒಬ್ಬೊಬ್ಬರು, ಆರು ಜನ ಆಯಿತು. ಗೋಡೆ ಕಡೆ ಕುರ್ಚಿ ಇಡಬೇಡಿ, ನಮ್ಮ ಜಗಲಿಯ ಹಲಸಿನ ಮರದ ಬೆಂಚು ತಂದು ಗೋಡೆಗೆ ಒತ್ತಿ ಹಾಕಿ. ಮಕ್ಕಳು ಪಕ್ಕದಿಂದ ಜಾರಿಕೊಂಡು ಒಳಗೆ ಹೋಗುತ್ತಾರೆ. ಬೆಂಚಿಗೆ ಒಂದೂವರೆ ಅಡಿ, ಟೇಬಲ್ಲಿಗೆ ಎರಡೂವರೆ, ಆಚೆ ಕಡೆ ಮೂರು, ಒಟ್ಟು ಏಳಡಿ. ಉಳಿದ ಮೂರಡಿಯಲ್ಲಿ ಒಂದು ದಿವಾನ ಹಿಡಿಯುತ್ತದೆ. ಆ ದೊಡ್ಡ ಸೋಫಾ ಸೆಟ್ ಮಾತ್ರ ಮಾದಾಪುರದಲ್ಲೇ ಬಿಡಬೇಕು. ಎರಡೂ ಬೇಕು ಅಂದರೆ ಆ ಹಾಲಲ್ಲಿ ನಡೆಯಲೂ ಜಾಗ ಇರುವುದಿಲ್ಲ.

ನೆಲದ ಮೇಲೆ ಕೂತು ಉಂಡರೆ ಆಯಿತಲ್ಲ ಅಂತ ಅಮ್ಮ ಹೇಳಬಹುದು. ಅಮ್ಮನಿಗೆ ಮಣೆಯೇ ಹಿತ, ಅವರು ಹಾಗೇ ಕೂರಲಿ. ಆದರೆ ಅಪ್ಪನ ಮಂಡಿ? ಅವರು ಒಬ್ಬರೇ ಕುರ್ಚಿಯಲ್ಲಿ, ಉಳಿದವರು ಕೆಳಗೆ ಅಂದರೆ ಅಪ್ಪ ತಟ್ಟೆ ಹಿಡಿದುಕೊಂಡು ಟಿವಿ ಮುಂದೆ ಹೋಗಿ ಕೂರುತ್ತಾರೆ, ನಿನಗೆ ಗೊತ್ತೇ ಇದೆ. ಟೇಬಲ್ ಬೇಕೇ ಬೇಕು.

ಮಳೆಗಾಲ ಮರೆಯಬೇಡಿ. ಕುಶಾಲನಗರದಲ್ಲಿ ನಮ್ಮ ಕಡೆಯಷ್ಟು ಮಳೆ ಇಲ್ಲ, ಆದರೂ ಜೂನ್ ಜುಲೈನಲ್ಲಿ ಯೂನಿಫಾರಂ ಒಣಗಿಸಲು ಹಾಲಲ್ಲೇ ಹಗ್ಗ ಕಟ್ಟುತ್ತೀರಿ, ಆಗ ಟೇಬಲ್ ಮೇಲೆ ಒದ್ದೆ ಬಟ್ಟೆ ತೂಗುತ್ತದೆ. ಹಿಂದಿನ ಬಾಗಿಲ ಆಚೆ ಬಟ್ಟೆ ಒಣಗಿಸಲು ಶೀಟಿನ ಮಾಡು ಇಳಿಸಲು ಜಾಗ ಇದೆಯಾ ನೋಡು. ನನಗೆ ಆ ಶೀಟ್ ಊಟದ ರೂಮಿಗಿಂತ ಮುಖ್ಯ ಅನ್ನಿಸುತ್ತದೆ.

ಒಂದು ತೊಂದರೆ ಇದ್ದೇ ಇರುತ್ತದೆ, ಮುಚ್ಚಿಡುವುದಿಲ್ಲ. ಇಲ್ಲಿ ನಮ್ಮ ಮಕ್ಕಳ ಹೋಂವರ್ಕೂ ಅದೇ ಟೇಬಲ್ ಮೇಲೆ. ಪ್ರತಿ ರಾತ್ರಿ ಪುಸ್ತಕ ಎತ್ತು, ಪೆನ್ಸಿಲ್ ಎತ್ತು ಅಂತ ಜಗಳ. ಈಗ ಒಂದು ಬುಟ್ಟಿ ಬೆಂಚಿನ ಕೆಳಗೆ ಇಟ್ಟಿದ್ದೇವೆ, ಎಲ್ಲ ಅದಕ್ಕೆ ಸುರಿಯುವುದು. ಜಗಳ ಪೂರ್ತಿ ನಿಂತಿಲ್ಲ. ಆದರೆ ಒಂದು ಟೇಬಲ್ ಇರುವುದರಿಂದ ಸಂಜೆ ಎಲ್ಲರೂ ಅಲ್ಲೇ ಇರುತ್ತೇವೆ, ಅದು ನನಗೆ ತುಂಬಾ ಇಷ್ಟ.

ಹುತ್ತರಿಗೆ ಇಪ್ಪತ್ತು ಜನ ಬಂದರೆ ಏನು ಮಾಡೋದು ಅಂತ ಅತ್ತಿಗೆ ಕೇಳಿದ್ದರು. ಹಬ್ಬ ತೋಟದ ಮನೆಯಲ್ಲೇ ಆಗಲಿ. ಆಟಿ ತಿಂಗಳ ಹದಿನೆಂಟನೇ ದಿನಕ್ಕೆ ಮದ್ದು ಸೊಪ್ಪಿನ ಪಾಯಸ ಬೇಕಾದರೆ ಹೊಸ ಮನೆಯಲ್ಲಿ ಮಾಡಿ, ಅದಕ್ಕೆ ನೀವು ಆರು ಜನ ಸಾಕು. ವರ್ಷಕ್ಕೆ ಎರಡು ದಿನ ಬರುವ ನೆಂಟರಿಗೋಸ್ಕರ ದೊಡ್ಡ ಮನೆ ತಗೊಂಡು ಸಾಲ ಮಾಡುವುದು ಬೇಡ. ಮಕ್ಕಳ ಸ್ಕೂಲಿಗೆ, ಅಪ್ಪನ ಆಸ್ಪತ್ರೆಗೆ ಹತ್ತಿರ ಇರಲಿ ಅಂತ ತಾನೇ ಹೋಗುತ್ತಿರುವುದು. ಅದೂ ಅಲ್ಲದೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರಿದ ಮೇಲೆ ಜೋರು ಮಳೆ ಬಂದ ರಾತ್ರಿ ಅಮ್ಮ ನಿದ್ದೆಯೇ ಮಾಡುವುದಿಲ್ಲ.

ಅದಕ್ಕೇ ಇದನ್ನೂ ವಿಚಾರಿಸು. 2018ರಲ್ಲಿ, 2019ರಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿತ್ತಲ್ಲ. ಆ ರಸ್ತೆಗೆ ಬಂದಿತ್ತಾ, ಎಲ್ಲಿವರೆಗೆ ಬಂದಿತ್ತು ಅಂತ ಅಕ್ಕಪಕ್ಕದ ಎರಡು ಮೂರು ಮನೆಯವರನ್ನು ಕೇಳು. ಮಾರುವವರನ್ನು ಕೇಳಿದರೆ ಬಂದಿಲ್ಲ ಅಂತಲೇ ಹೇಳುತ್ತಾರೆ. ನೀರು ಬಂದಿದ್ದ ಮನೆ ಆದರೆ ಗೋಡೆ, ಟೇಬಲ್ ಮಾತೇ ಬೇಡ, ಬಿಟ್ಟುಬಿಡು.

ಈ ಭಾನುವಾರ ಇನ್ನೊಂದು ಸಲ ಎಲ್ಲರೂ ಹೋಗಿ ಬನ್ನಿ. ಹಳೇ ಪೇಪರ್ ತಗೊಂಡು ಹೋಗಿ, ಹಾಲಲ್ಲಿ ಐದು ಅಡಿಗೆ ಎರಡೂವರೆ ಅಡಿ ಹಾಸಿ, ಸುತ್ತ ಆರು ಜನ ಕೂತು ನೋಡಿ. ಅಪ್ಪ ಎದ್ದು ಬಾತ್‌ರೂಮಿಗೆ ಹೋಗಲಿ, ಯಾರಾದರೂ ಏಳಬೇಕಾಗುತ್ತಾ ನೋಡಿ. ಅತ್ತಿಗೆ ಒಲೆ ಇಡುವ ಜಾಗದಲ್ಲಿ ನಿಂತು ಮಾತಾಡಲಿ, ಹಾಲಿಗೆ ಕೇಳಿಸುತ್ತಾ? ಗೋಡೆಯ ದಪ್ಪ, ಕಿಟಕಿ ಬಾಗಿಲು ಎಲ್ಲೆಲ್ಲಿವೆ, ಪ್ಲಗ್ ಪಾಯಿಂಟ್ ಎಲ್ಲಿವೆ, ಎಲ್ಲ ಟೇಪ್ ಹಿಡಿದು ಅಳೆದು ಕಳಿಸು. ನಾನು ಇಲ್ಲಿ ಪೇಪರ್ ಮೇಲೆ ಅಳತೆಗೆ ಸರಿಯಾಗಿ ಹಾಕಿ ವಾಪಸ್ ಕಳಿಸುತ್ತೇನೆ. ಕಿಂಡಿಯ ಖರ್ಚು ನಾನು ಕೊಡುತ್ತೇನೆ, ಬೇಡ ಅನ್ನಬೇಡ. ಇಂಜಿನಿಯರ್ ಗೋಡೆ ನೋಡುವವರೆಗೂ ಅಡ್ವಾನ್ಸ್ ಕೊಡಬೇಡ.

ಅಪ್ಪ ಅಮ್ಮನಿಗೆ ನಮಸ್ಕಾರ, ಪುಟ್ಟಿಗೆ ಪುಟ್ಟನಿಗೆ ಮುತ್ತು.

ನಿನ್ನ ತಂಗಿ